ಅಕ್ಕಯಮ್ಮನ ಕಣ್ಣಿಗೆ ಸಾಕ್ಷಿ

ಲಕ್ಷ್ಮಿಕಾಂತನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆಂಡತಿ ಜಯಮಾಲಾನೇ ಹೇಳಬೇಕು ಅಂತಿಲ್ಲ, ಹಲಸೂರಿನ ಅವನ ಬೀದಿಯಲ್ಲಿ ಹಾಲು ಹಾಕುವವನನ್ನು ಕೇಳಿದರೂ ಸಾಕು. ಶಿವಾಜಿನಗರದ ಕಡೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಡಾಕ್ಟರಲ್ಲ. ಡಾಕ್ಟರು ಪೊರೆ ತೆಗೆದು ಹೋದ ಮೇಲೆ ಪಟ್ಟಿ ಬಿಚ್ಚಿ, ಗೋಡೆಯ ಚಾರ್ಟ್ ತೋರಿಸಿ, ಎಷ್ಟು ಕಾಣುತ್ತೆ ಅಂತ ಬರೆದುಕೊಳ್ಳುವವನು. ಯಾದಗಿರಿ ಕಡೆಯಿಂದ ಬಂದು ಅರ್ಧ ಆಯುಷ್ಯ ಇಲ್ಲೇ ಸವೆಸಿದ್ದಾನೆ, ಮಾತೆಲ್ಲ ಬೆಂಗಳೂರಿನದೇ ಆಗಿದೆ. ರೇಗಿದಾಗ ಮಾತ್ರ ಊರಿನ ಮಾತು ಬಾಯಿಗೆ ಬಂದುಬಿಡುತ್ತದೆ.

ಇಂಥ ಸಿಡುಕನಿಗೆ ಸರ್ಕಾರ ಪಂಚಾಯ್ತಿ ಎಲೆಕ್ಷನ್ ಡ್ಯೂಟಿ ಹಾಕಿತು. ಅದೂ ಪ್ರಿಸೈಡಿಂಗ್ ಆಫೀಸರ್, ಅಂದರೆ ಇಡೀ ಬೂತಿಗೆ ಯಜಮಾನ. ಯಜಮಾನಿಕೆ ಹೆಸರಿಗಷ್ಟೇ, ಬೈಸಿಕೊಳ್ಳುವುದಕ್ಕೆ ಒಬ್ಬ ಬೇಕಲ್ಲ, ಅದಕ್ಕೆ! ಕೃಷ್ಣರಾಜಪುರ ದಾಟಿ, ಹಳೇ ಮದ್ರಾಸ್ ರೋಡ್ ಬಿಟ್ಟು ಒಳಗೆ ಹೋದರೆ ಆ ಊರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೆಲ್ಲ ಈಗ ಪೀಜಿ ಕಟ್ಟಡಗಳು ಎದ್ದಿವೆ. ಅಂಥ ಪೀಜಿಗಳ ಯಜಮಾನ ಕೆಂಪರಾಜ್ ಅಲ್ಲಿನ ಅಭ್ಯರ್ಥಿ.

ಹಿಂದಿನ ದಿನ ಮತಪೆಟ್ಟಿಗೆ ಹೊತ್ತುಕೊಂಡು ಬಂದಿಳಿದಾಗಲೇ ಜಗಳ ಶುರುವಾಗಿತ್ತು. ಕೆಂಪರಾಜ್ ಮನೆಯಿಂದ ಬಿರಿಯಾನಿ ಬಂತು, ಲಕ್ಷ್ಮಿಕಾಂತ ವಾಪಸ್ ಕಳಿಸಿದ. ಕಳಿಸಿದ ಸ್ವಲ್ಪ ಹೊತ್ತಿಗೆ ಬೂತ್ ಇದ್ದ ಶಾಲೆಯ ಶೌಚಾಲಯದ ಬೀಗದ ಕೈ ಕಾಣೆಯಾಯಿತು. ಬೆಳಿಗ್ಗೆ ನೋಡಿದರೆ ಕುಡಿಯುವ ನೀರಿನ ಕ್ಯಾನೂ ಇಲ್ಲ. ಕೇಳಿದರೆ, ಬಾಗಿಲಲ್ಲೇ ನಿಂತಿದ್ದ ಕೆಂಪರಾಜನ ಅಕ್ಕನ ಮಗ ಪ್ರೇಮ್‌ಕುಮಾರ್, "ನಮ್ಮೂರ್ ನೀರು ನಿಮಗೆ ಒಗ್ಗಲ್ಲ ಬಿಡಿ ಗುರು" ಅಂದ. ಗೇಟಿನ ಪೊಲೀಸಪ್ಪ ಮೊಬೈಲಿನಿಂದ ತಲೆ ಎತ್ತಲಿಲ್ಲ. ಎಂಥಾ ದರಿದ್ರ ಊರಪ್ಪ ಇದು ಅಂತ ಲಕ್ಷ್ಮಿಕಾಂತ ಹಲ್ಲು ಕಡಿದುಕೊಂಡು ಕೂತ. ಗಂಟಲು ಒಣಗಿದಷ್ಟೂ ಅವನ ಹಟ ಜಾಸ್ತಿಯಾಯಿತು.

ಬಿಸಿಲು ಏರಿದ ಮೇಲೆ ಕೆಂಪರಾಜನ ಹೆಂಡತಿ ಭವ್ಯ ಒಬ್ಬ ಮುದುಕಿಯ ಕೈ ಹಿಡಿದುಕೊಂಡು ಬಂದಳು. ಮುದುಕಿಗೆ ಕಪ್ಪು ಕನ್ನಡಕ. ಹೆಜ್ಜೆ ಹೆಜ್ಜೆಗೂ ಕಾಲಲ್ಲಿ ನೆಲ ತಡಕಾಡುತ್ತಿದ್ದಳು.

"ನಮ್ಮತ್ತೆ, ಅಕ್ಕಯಮ್ಮ ಅಂತ. ಕಣ್ ಕಾಣ್ಸಲ್ಲ ಸಾರ್. ಅವ್ರ ಬದಲು ನಾನೇ ಮುದ್ರೆ ಒತ್ತೀನಿ" ಅಂದಳು ಭವ್ಯ, ಮೆಲ್ಲಗೆ.

ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಕಣ್ಣಿಲ್ಲದವರು ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ಪ್ರಿಸೈಡಿಂಗ್ ಆಫೀಸರ್ ಒಪ್ಪಬೇಕು ಅಷ್ಟೇ. ಲಕ್ಷ್ಮಿಕಾಂತ ತಲೆ ಎತ್ತಿ ಮುದುಕಿಯ ಮುಖ ನೋಡಿದ. ನೋಡಿದವನೇ ಪೆನ್ನು ಕೆಳಗಿಟ್ಟ.

ಈ ಮುಖ ಅವನಿಗೆ ಗೊತ್ತು. ಕಣ್ಣಿನ ಕ್ಯಾಂಪಿನಲ್ಲಿ ಇವಳ ಪಟ್ಟಿ ಬಿಚ್ಚಿದವನು ಅವನೇ. ಓದು ಬಾರದವರಿಗೆ ಮೂರು ಕಾಲಿನ ಒಂದು ಗುರುತು ತೋರಿಸುತ್ತಾರೆ, ಅದರ ಕಾಲು ಯಾವ ಕಡೆಗಿದೆ ಅಂತ ಬೆರಳಲ್ಲಿ ತೋರಿಸಬೇಕು. ಅಕ್ಕಯಮ್ಮ ಕೊನೆಯ ಸಾಲಿನವರೆಗೂ ಪಟಪಟ ತೋರಿಸಿದ್ದಳು. ತೋರಿಸುತ್ತಲೇ ಮಗನನ್ನು ಬೈದಿದ್ದಳು. "ನನ್ ಗಂಡನ್ನ ಮಣ್ ಮಾಡಿದ್ ಜಾಗದ್ ಮೇಲೆ ಪೀಜಿ ಕಟ್ಟವ್ನೆ ಕಣಪ್ಪ. ಎಲೆಕ್ಷನ್‌ಗೆ ಬೇರೆ ನಿಂತವ್ನೆ. ಕಣ್ ಬಂತಲ್ಲ, ಅವ್ನ ಎದುರಾಳಿ ಗುರ್ತು ಹುಡುಕಿ ಒತ್ತೀನಿ" ಅಂದಿದ್ದಳು. ಅವತ್ತು ಲಕ್ಷ್ಮಿಕಾಂತ ಮನೆಗೆ ಹೋಗಿ ಅದನ್ನೇ ಹೇಳಿಕೊಂಡು ನಕ್ಕಿದ್ದ. ಅವನು ನಗುವುದೇ ಅಪರೂಪ.

ಈಗ ಅವಳನ್ನೇ ಕುರುಡಿ ಮಾಡಿ ತಂದಿದ್ದಾರೆ! ಅವನಿಗೆ ಮೈಯೆಲ್ಲ ಉರಿದುಹೋಯಿತು. ನೀರು ಕಸಿದರು, ಇರಲಿ. ಇದು ತಾನು ಕೈಯಾರೆ ತೊಳೆದ ಕಣ್ಣು. ಇವರಪ್ಪನ ಮನೆ ಆಸ್ತಿಯಾ ಅದು?

"ಯಾಂವ ಹೇಳ್ಯಾನ್ರಿ ಈಕಿ ಕುರುಡಿ ಅಂತ?" ಅವನ ಗಂಟಲು ಶಾಲೆಯ ಅಂಗಳಕ್ಕೆಲ್ಲ ಕೇಳಿಸಿತು. "ನಾನ ಪಟ್ಟಿ ಬಿಚ್ಚೀನಿ. ಕಡೀ ಸಾಲ್ ತನಕ ತೋರ್ಸ್ಯಾಳ. ನಮ್ಮ ನಿಮ್ಮ ಕಣ್ಣಿಗಿಂತ ಛಲೋ ಕಾಣ್ತಾವ ಆಕಿ ಕಣ್ಣ."

ಭವ್ಯಳ ಮುಖ ಬಿಳಿಚಿಕೊಂಡಿತು. ಅಕ್ಕಯಮ್ಮ ಅಲ್ಲಾಡಲಿಲ್ಲ. ಸಾಲಿನಲ್ಲಿದ್ದವರು ಬಾಗಿಲಿಗೆ ನುಗ್ಗಿದರು. ಪ್ರೇಮ್‌ಕುಮಾರ್ ಮೇಜಿನ ಮೇಲೆ ಕೈ ಊರಿ, "ಇದೇನ್ ಆಸ್ಪತ್ರೆನಾ? ಎಲ್ಲಿಂದಲೋ ಬಂದು ನಮ್ಮಜ್ಜಿ ಮೇಲೆ ಕೂಗಾಡ್ತೀಯಾ? ಸಂಜೆ ಪೆಟ್ಟಿಗೆ ಹೊತ್ಕೊಂಡು ಹೆಂಗ್ ಬಸ್ ಹತ್ತೀಯ ನೋಡ್ತೀನಿ" ಅಂದ. ಮುಟ್ಟಿ ನೋಡು ಅಂತ ಲಕ್ಷ್ಮಿಕಾಂತ ಎದ್ದು ನಿಂತ. ಒಳಗೊಳಗೇ ಖುಷಿ. ಸಿಕ್ಕಿಬಿದ್ದರಲ್ಲ ಕಳ್ಳರು!

ಅಷ್ಟರಲ್ಲಿ ಕೆಂಪರಾಜನೇ ಒಳಗೆ ಬಂದ. ಬಿಳಿ ಅಂಗಿ, ತಣ್ಣಗಿನ ಮಾತು. ಅವನು ಲಕ್ಷ್ಮಿಕಾಂತನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ಆಪರೇಷನ್ ಫೇಲಾಯ್ತು ಅಂತಿದ್ರಲ್ಲ ಇಬ್ರೂ. ಅಮ್ಮಂಗೆ ದಿನಾ ಸ್ನಾನ ಮಾಡ್ಸೋಳು ನೀನು, ಊಟಕ್ ಇಕ್ಕೋಳು ನೀನು. ನಿಂಗೊತ್ತಿರಲಿಲ್ವಾ?"

ಭವ್ಯ ತಲೆ ತಗ್ಗಿಸಿದಳು. ಅವಳ ಕೈ ಇನ್ನೂ ಅತ್ತೆಯ ಕೈಯಲ್ಲೇ ಇತ್ತು. ಮುದುಕಿ ಆ ಕೈಯನ್ನು ಬಿಗಿಯಾಗಿ ಒತ್ತಿದ್ದನ್ನು ಲಕ್ಷ್ಮಿಕಾಂತ ನೋಡಿದ, ನೋಡಿಯೂ ಅದೇನು ಅಂತ ಯೋಚಿಸಲಿಲ್ಲ. ಗೆಲ್ಲುವ ಅಮಲು ಅವನಿಗೆ. ಮೇಜು ಬಳಸಿಕೊಂಡು ಬಂದು, "ಅಮ್ಮಾ, ಕನ್ನಡಕ ತೆಗೀರಿ" ಅಂದ. ಅವಳು ತೆಗೆದಳು. ಅವನು ಮೂರು ಬೆರಳು ಅಡ್ಡ ಹಿಡಿದು ತೋರಿಸಿದ. "ಯಾವ ಕಡೆಗಿದೆ, ಹೇಳಿ. ನಾನಿದ್ದೀನಿ, ಯಾರಿಗೂ ಹೆದರಬೇಡಿ."

ಅಕ್ಕಯಮ್ಮ ಅವನ ಮುಖವನ್ನೇ ನೆಟ್ಟಗೆ ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು.

"ಏನೂ ಕಾಣಲ್ಲ ಕಣಪ್ಪ" ಅಂದಳು. "ಆವತ್ತು ಕ್ಯಾಂಪಲ್ಲಿ ಬಾಯಿಗ್ ಬಂದಂಗೆ ಹೇಳ್ಬಿಟ್ಟೆ. ಪಾಪ ಆ ಹುಡ್ಗೀಗೇನ್ ಗೊತ್ತು, ನಾನ್ ಹೇಳಿದ್ನೇ ನಂಬ್ಕೊಂಡವ್ಳೆ."

"ಸುಳ್ಳು!" ಅಂದ ಲಕ್ಷ್ಮಿಕಾಂತ.

"ಹೆತ್ತ ತಾಯಿ ಹೇಳ್ತಿದ್ದಾಳಲ್ಲ ಸಾರ್, ಬರ್ಕೊಳ್ಳಿ" ಅಂದ ಕೆಂಪರಾಜ್. "ಭವ್ಯಾ, ನೀನು ಆಚೆ ನಡಿ. ಮನೇಲ್ ಮಾತಾಡಣ. ಪ್ರೇಮಾ, ಅಜ್ಜೀನ್ ಕರ್ಕೊಂಡ್ ಹೋಗಿ ನೀನೇ ಒತ್ತಿಸು."

ಭವ್ಯ ಕೈ ಬಿಡಿಸಿಕೊಂಡು ಆಚೆ ಹೋದಳು. ಲಕ್ಷ್ಮಿಕಾಂತ ಹಾಗೆಲ್ಲ ಆಗೋದಿಲ್ಲ ಅಂದ, ಮುದುಕಿಯೊಬ್ಬಳೇ ಹೋಗಲಿ ಅಂದ, ವರದಿ ಬರೀತೀನಿ ಅಂದ. ಜೊತೆಗೆ ಬಂದಿದ್ದ ಸಿಬ್ಬಂದಿಯೇ ಅವನ ಅಂಗಿ ಜಗ್ಗಿ, "ಸಾರ್, ಬಿಟ್ಬಿಡಿ, ನಾವೂ ಮನೆ ಸೇರ್ಬೇಕು" ಅಂದರು. ಮುದುಕಿಯನ್ನು ಮತ್ತೊಮ್ಮೆ ಕೇಳಿದ. ಅವಳು ಮತ್ತೊಮ್ಮೆ ಕಾಣಲ್ಲ ಅಂದಳು. ಯಾರಾಗಬಹುದು ಜೊತೆಗೆ ಅಂದರೆ ಪ್ರೇಮ್‌ಕುಮಾರನ ಹೆಸರು ಹೇಳಿದಳು. ಮತದಾರಳೇ ಹಾಗೆ ಹೇಳಿದ ಮೇಲೆ ಅವನ ಯಜಮಾನಿಕೆ ಮುಗಿಯಿತು. ಅವಳ ಕಣ್ಣು ಕಾಣುತ್ತದೆ ಅಂತ ಬರೆದ ಕೈಯಿಂದಲೇ, ಕಾಣುವುದಿಲ್ಲ ಅಂತ ಬರೆದು ಸಹಿ ಹಾಕಿದ. ಆ ಮುದುಕಿಯ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂದಿತ್ತು. ಹೇಡಿ, ಇಂಥವಳಿಗೆ ಕಣ್ಣು ಯಾಕೆ ಬೇಕಿತ್ತು ಅಂದುಕೊಂಡ.

ಪ್ರೇಮ್‌ಕುಮಾರ್ ರಟ್ಟಿನ ಮರೆಯ ಹಿಂದೆ ಹೋಗಿ ಮುದ್ರೆ ಒತ್ತಿದ. ಅಜ್ಜಿಯನ್ನು ಮೇಜಿನ ಹತ್ತಿರ ಬಿಟ್ಟು, ಮತಪತ್ರ ಮಡಚಿಕೊಂಡು ಪೆಟ್ಟಿಗೆಯ ಕಡೆ ನಡೆದ. ಕೆಂಪರಾಜ್ ಆಗಲೇ ಹೆಂಡತಿಯ ಹಿಂದೆ ಹೊರಟಿದ್ದ. ಅಂಗಳದಿಂದ ಅವನ ಗದರುವಿಕೆ ಕೇಳಿಸುತ್ತಿತ್ತು.

ಅಕ್ಕಯಮ್ಮ ಮೇಜಿನ ಅಂಚು ಹಿಡಿದು ಬಗ್ಗಿದಳು. ದನಿ ಲಕ್ಷ್ಮಿಕಾಂತನಿಗೆ ಮಾತ್ರ ಕೇಳಿಸುವಷ್ಟು.

"ಕಣ್ ಐತೆ ಅಂದಿದ್ರೆ ಹೊಸ್ಲು ದಾಟಾಕೇ ಬಿಡ್ತಿರಲಿಲ್ಲ ನನ್ನ. ಕುರುಡಿ ಅಂದಿದ್ಕೆ ಒಂದ್ ವೋಟು ಜಾಸ್ತಿ ಬತ್ತದೆ ಅಂತ ಕರ್ಕೊಂಡ್ ಬಂದ್ರು. ನನ್ ಸೊಸೆ ನಾನ್ ಹೇಳಿದ್ ಗುರ್ತಿಗೇ ಒತ್ತೋಳಿದ್ಲು. ಗಂಡಂಗೆ ಗೊತ್ತಾದ್ರೆ ಕೊಂದಾಕ್ತಾನೆ ಅಂತ ತಿಳ್ದೂ ಒಪ್ಕೊಂಡಿದ್ಲು. ನಿನ್ನ ಯಾರಪ್ಪ ಸಾಕ್ಷಿ ಕೇಳಿದ್ರು?"

ಪ್ರೇಮ್‌ಕುಮಾರ್ ಪೆಟ್ಟಿಗೆಯ ಹತ್ತಿರದಿಂದ ತಿರುಗಿ ಬರುತ್ತಿದ್ದ. ಅಕ್ಕಯಮ್ಮ ಕನ್ನಡಕ ಹಾಕಿಕೊಂಡಳು. ಮೊಮ್ಮಗ ಎಲ್ಲಿದ್ದಾನೋ ತಿಳಿಯದವಳ ಹಾಗೆ, ಬೇರೆ ಕಡೆಗೆ ಮುಖ ಮಾಡಿ, ಗಾಳಿಯಲ್ಲಿ ಕೈ ಚಾಚಿ ಹುಡುಕಿದಳು.