ಹುಕ್ಕೇರಿ ಕಡೆಯಿಂದ ತಂದ ಹಿಟ್ಟು

ಶನಿವಾರ ಮುಂಜಾನೆ ನಾನು ಮತ್ತು ನನ್ನ ಮೊಮ್ಮಗಳು ಶೈಲಾ ಕಲ್ಲೋಳಿಯಿಂದ ಗೋಕಾಕದ ಬಸ್ಸು ಹತ್ತಿದೆವು. ಹುಕ್ಕೇರಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಎರಡು ದಿನ ಜಾನಪದ ಹಾಡಿನ ಶಿಬಿರ ಇತ್ತು. ಹಾಡು ಕಲಿಸುತ್ತಾರೆ, ಹಾಡಿಸುತ್ತಾರೆ, ಊಟಕ್ಕೂ ಹಾಕುತ್ತಾರೆ ಎಂದು ಕೇಳಿದ್ದೆ. ಕಲಿಯುವ ಆಸೆ ನನಗೇನೂ ಇರಲಿಲ್ಲ. ಶೈಲಾಳ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡುವಾಗ ನಡುವೆ ಅವಳ ದನಿ ಒಡೆದು, ಹುಡುಗರೆಲ್ಲ ನಕ್ಕಿದ್ದರು. ಅಂದಿನಿಂದ ಹುಡುಗಿ ಮನೆಯಲ್ಲಿ ಗುನುಗುವುದನ್ನೂ ಬಿಟ್ಟಿದ್ದಳು. ಆ ಬಾಯಿಂದ ಮತ್ತೊಂದು ಹಾಡು ಕೇಳಬೇಕೆಂದೇ ಹೊರಟಿದ್ದೆ.

"ಎಲ್ಲಿಗಿ ಆಯಿ, ಬೀಗರ ಮನಿಗೇನು?" ಎಂದ ಕಂಡಕ್ಟರ್.

"ಹಾಡಾಕ ಹೊಂಟೇವಪಾ."

"ಹುಡುಗಿ ಹಾಡಿದ್ರ ಅರ್ಧಾ ಟಿಕೆಟ್. ನೀ ಹಾಡಿದ್ರ ಇಲ್ಲೇ ಇಳಿಸಿ ಬಿಡ್ತೇನಿ ನೋಡು!"

ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಶೈಲಾ ಮಾತ್ರ ಕಿಟಕಿಯ ಕಡೆ ತಿರುಗಿದಳು.

ಗೋಕಾಕದಲ್ಲಿ ಬಸ್ಸು ಬದಲಿಸಿ, ಸ್ಟ್ಯಾಂಡಿನ ಹೊರಗೆ ಭಜಿ, ಚುರುಮುರಿ ತಿಂದೆವು. ಥಂಡಿ ಇನ್ನೂ ಬಿಟ್ಟಿರಲಿಲ್ಲ. ಮುಂದೆ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ತೆವಳುತ್ತ ನಮ್ಮ ಬಸ್ಸು ಊರು ಮುಟ್ಟುವಷ್ಟರಲ್ಲಿ ಶಿಬಿರದಲ್ಲಿ ಒಂದು ಹಾಡು ಮುಗಿದೇ ಹೋಗಿತ್ತು.

ಕಲಿಸುವವರು ಮೂಡಲಗಿಯ ಗಂಗಕ್ಕ. ಒಂದು ಸಾಲು ಅವರು ಹಾಡಬೇಕು, ನಾವೆಲ್ಲ ತಿರುಗಿ ಹಾಡಬೇಕು. ಶೈಲಾಳ ತುಟಿ ಅಲುಗುತ್ತಿತ್ತು, ದನಿ ಇಲ್ಲ. ಮಧ್ಯಾಹ್ನ ರೊಟ್ಟಿ, ಝುಣಕ, ಮೊಸರಿನ ಪಂಕ್ತಿಯಲ್ಲಿ ಗಂಗಕ್ಕ ಅವಳನ್ನು ಕೆಣಕಿದರು: "ಏನ ತಂಗಿ, ಬಾಯಿ ಊಟಕ್ಕಷ್ಟ ತೆರೀತೈತೇನು?" ಹುಡುಗಿ ಅರ್ಧ ರೊಟ್ಟಿ ಬಿಟ್ಟು ಎದ್ದಳು. ಕರೆದುಕೊಂಡು ಬಂದು ತಪ್ಪು ಮಾಡಿದೆನೇನೋ ಅನಿಸಿತು.

ಭಾನುವಾರ ಬೀಸುವ ಪದಗಳ ಪಾಳಿ. ವೇದಿಕೆಯ ಮೇಲೆ ಬೀಸುವ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ ಇಟ್ಟಿದ್ದರು. ವಯಸ್ಸಾದವಳೆಂದು ನನ್ನನ್ನೇ ಕೂರಿಸಿದರು.

"ಹಾಡ್ಕೋತ ಹಂಗ ಸುಮ್ನ ತಿರುವ್ರಿ ಆಯಿ, ತೋರಸಾಕಷ್ಟ," ಎಂದರು ಗಂಗಕ್ಕ.

ನಾನು ಕಲ್ಲಿನ ಗೂಟದಿಂದ ಕೈ ತೆಗೆದೆ. "ಖಾಲಿ ಕಲ್ಲು ತಿರುವಬಾರದವ್ವ, ಮನಿಗಿ ಛಲೋ ಅಲ್ಲ. ಮೊದಲ ಕಾಳು ತರಸ್ರಿ."

ಯಾರಾದರೂ ಏಳುವ ಮೊದಲೇ ಶೈಲಾ ಅಡುಗೆಯ ಕೋಣೆಗೆ ಓಡಿ ಬುಟ್ಟಿಯಲ್ಲಿ ಜೋಳ ತಂದಳು. ತಂದವಳನ್ನು ನಾನು ಬಿಡಲಿಲ್ಲ. "ಎದುರಿಗೆ ಕುಂಡ್ರು. ಒಬ್ಬಾಕಿ ಕೈಲೆ ಆಗೂದಲ್ಲ ಇದು."

ಬೀಸುವ ಪದದಲ್ಲಿ ಒಬ್ಬಳು ಸಾಲು ಎತ್ತಿದರೆ ಎದುರಿನವಳು ಅದನ್ನು ಹಿಡಿಯಬೇಕು. ನಾನು ಎತ್ತಿದೆ:

ಹಾಲ್ದೆನಿ ಮ್ಯಾಲ ಕುಂತ ಗಿಣಿರಾಮ, ನೀ ತಿಂದು
ಉಳಿಸೋ ನಮ್ಮವ್ವಗ ಹಿಡಿ ಕಾಳ

ಬರೀ ಕಲ್ಲಿನ ಸದ್ದು. ಮತ್ತೆ ಅದನ್ನೇ ಹಾಡಿದೆ.

"ಆಯಿ, ಕಲ್ಲು ಭಾಳ ಬಿಗಿ ಐತಿ," ಎಂದು ಪಿಸುಗುಟ್ಟಿದಳು.

"ದನಿ ಕೂಡಸು, ಹಗುರ ಆಗತೈತಿ."

ಶೈಲಾ ಜನರ ಕಡೆ ನೋಡದೆ, ಉದುರುವ ಹಿಟ್ಟನ್ನೇ ನೋಡುತ್ತ ಬಾಯಿ ತೆರೆದಳು. ಸಣ್ಣ ದನಿ. "ಹಿಡಿ ಕಾಳ" ಎನ್ನುವಲ್ಲಿ ಒಡೆಯಿತು. ಆದರೆ ಕಲ್ಲು ತಿರುಗುತ್ತಲೇ ಇತ್ತು, ಕೈ ಗೂಟದ ಮೇಲಿತ್ತು; ಅವಳು ಎದ್ದು ಹೋಗುವುದಾದರೂ ಹೇಗೆ? ಮುಂದಿನ ಸುತ್ತಿಗೆ ಆ ಸಾಲನ್ನು ಮತ್ತೆ ಹಿಡಿದಳು, ಈ ಸಲ ಗಟ್ಟಿಯಾಗಿ. ಯಾರೂ ನಗಲಿಲ್ಲ. ಚಪ್ಪಾಳೆಗೆ ಎತ್ತಿದ ಕೈಗಳನ್ನು ಗಂಗಕ್ಕ ಸನ್ನೆ ಮಾಡಿ ತಡೆದರು. ನಾನೋ ಶೈಲಾಳನ್ನೇ ನೋಡುತ್ತ ಮುಂದಿನ ಸಾಲು ಎತ್ತುವುದನ್ನೇ ಮರೆತೆ.

"ಆಯಿ, ನಿಂದ ಪಾಳಿ!" ಎಂದು ಅಷ್ಟು ಜನರ ಮುಂದೆ ನನ್ನನ್ನೇ ಗದರಿದಳು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಬೈಗುಳ ಕೇಳಿಲ್ಲ.

ಹೊರಡುವಾಗ ಆ ಹಿಟ್ಟನ್ನು ಅಡುಗೆಯವರು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಗೋಕಾಕದವರೆಗೂ ಗಂಟು ಶೈಲಾಳ ತೊಡೆಯ ಮೇಲೆಯೇ ಇತ್ತು. ಮನೆಯಲ್ಲಿ ರೊಟ್ಟಿ ಬಡಿದರೆ ಹಿಟ್ಟು ತರಿ ತರಿ, ಅಂಚೆಲ್ಲ ಸೀಳಿತು. ಆದರೂ ಎಲ್ಲರಿಗೂ ತಿನ್ನಿಸಿದೆ.

ನಮ್ಮ ಬೀಸುವ ಕಲ್ಲು ಎಷ್ಟೋ ವರ್ಷದಿಂದ ಹಿತ್ತಲಲ್ಲಿ ನೀರಿನ ಕೊಡ ಹೊತ್ತು ಕೂತಿತ್ತು. ಮರುದಿನ ನಾನು ಎದ್ದು ನೋಡುವಷ್ಟರಲ್ಲಿ ಕೊಡ ಕೆಳಗಿತ್ತು. ಕಲ್ಲು ತೊಳೆದು ಒರೆಸಿ, ಬಾಜೂಕ್ಕೆ ಜೋಳದ ಬುಟ್ಟಿ ಇಟ್ಟುಕೊಂಡು ಶೈಲಾ ಕುಳಿತಿದ್ದಳು.

"ಲಗೂ ಬಾ ಆಯಿ," ಎಂದಳು, "ಇವತ್ತ ಪದಾ ನಾ ಎತ್ತತೇನಿ."