ಅಪ್ಪನ ಬಾಯಿ, ಇನ್ಯಾರದೋ ದನಿ

ನಮ್ಮಪ್ಪ ಒಂದು ಸಲ ಬೇರೆ ಗ್ರಹದ ರಾಜನಾಗಿದ್ದ. ಹೀಗೆಂದರೆ ಈಗಿನವರು ನಗುತ್ತಾರೆ. ನಗಲಿ, ನನಗೇನೂ ನಷ್ಟವಿಲ್ಲ. ನಾನಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ ಟಿವಿಯವರು ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ನಡುವೆ ಒಂದು ಕಥೆ ತೆಗೆದರು. ಆಕಾಶದಿಂದ ಇಳಿದವರು ನಮ್ಮ ನಾಲೆಯ ನೀರನ್ನೆಲ್ಲ ಹೀರಿಕೊಂಡು ಹೋಗುವ ಕಥೆ. ಪಾಪ, ಅವರ ಕೈ ಬರಿದು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಬೋರಲು ಹಾಕಿ ಬೆಳ್ಳಿ ಬಣ್ಣ ಬಳಿದು ಅದನ್ನೇ ಆಕಾಶನೌಕೆ ಎಂದರು. ರಾಜನ ಉಡುಪಿಗೆಂದು, ಹಳ್ಳಿ ನಾಟಕಗಳಿಗೆ ಡ್ರೆಸ್ಸು ಬಾಡಿಗೆಗೆ ಕೊಡುತ್ತಿದ್ದ ಪಾಂಡವಪುರದ ಸಾಬರೊಬ್ಬರ ಅಂಗಡಿಗೆ ಹೋದರು. ಡ್ರೆಸ್ಸಿನ ಜೊತೆಗೆ ಸಾಬರು ರಾಜನನ್ನೂ ಕೊಟ್ಟು ಕಳಿಸಿದರು. ಕಿಕ್ಕೇರಿ ಸುತ್ತಮುತ್ತ ಪೌರಾಣಿಕ ನಾಟಕಗಳಲ್ಲಿ ಗದೆ ಹೊತ್ತ ರಾಜನ ಪಾರ್ಟು ಅಂದರೆ ಅಪ್ಪನದೇ.

ಅಪ್ಪನಿಗೆ ನಾಟಕದ ಮೇಷ್ಟ್ರು ಕಲಿಸಿದ್ದು ಮುಖ್ಯವಾಗಿ ಎರಡು ಪಾಠ. ಸಭೆಗೆ ಬೆನ್ನು ತೋರಿಸಬಾರದು, ಕಟ್ಟಕಡೆಗೆ ಕೂತವನಿಗೂ ಮಾತು ಮುಟ್ಟಬೇಕು. ಅಪ್ಪ ಬೆಟ್ಟದ ಮೇಲೂ ಅದನ್ನೇ ಪಾಲಿಸಿದ. ಎದುರಿಗಿದ್ದ ವಿಜ್ಞಾನಿಯ ಪಾತ್ರಧಾರಿಯನ್ನು ಬಿಟ್ಟು ಕ್ಯಾಮೆರಾದ ಕಡೆಗೇ ತಿರುಗಿ, ತಪ್ಪಲಿನಲ್ಲಿ ದನ ಕಾಯುವವರು ತಲೆಯೆತ್ತಿ ನೋಡುವಂತೆ ಅಬ್ಬರಿಸಿದ. ಮೈಕು ಕಿರುಗುಟ್ಟಿತು. "ಸ್ವಲ್ಪ ಮೆಲ್ಲಗೆ ಹೇಳಿ ಗೌಡ್ರೆ" ಎಂದು ನಿರ್ದೇಶಕರು ಎಷ್ಟು ಕೇಳಿಕೊಂಡರೂ ಅಪ್ಪನಿಗೆ ಅದು ತಲೆಗೆ ಹೋಗಲಿಲ್ಲ. ಮೆಲ್ಲಗೆ ಮಾತಾಡುವ ರಾಜನನ್ನು ಅವನು ಕಂಡಿರಲೇ ಇಲ್ಲ.

ಕಥೆ ಟಿವಿಯಲ್ಲಿ ಬಂದ ದಿನ ಅವ್ವ ನನ್ನ ತಮ್ಮನನ್ನು ಹೆತ್ತು ಬಾಣಂತನಕ್ಕೆ ಅಕ್ಕಿಹೆಬ್ಬಾಳಿನ ತವರಿನಲ್ಲಿದ್ದಳು. ಅಪ್ಪ, ನಾನು, ಊರಿನ ಒಂದಷ್ಟು ಜನ ಬಸ್ಸು ಹಿಡಿದು ಟಿವಿಯಿದ್ದ ಸಾಬರ ಮನೆಗೆ ಹೋದೆವು. ನಮ್ಮ ಕಡೆಯ ನಾಟಕಗಳಲ್ಲಿ ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ನೆಂಟರು ಮೇಲೆ ಹತ್ತಿ ಹಾರ ಹಾಕುವುದು ವಾಡಿಕೆ. ಅಪ್ಪ ಕೊಪ್ಪರಿಗೆಯಿಂದ ಇಳಿದದ್ದೇ ತಡ, ಚಿಕ್ಕಪ್ಪ ಎದ್ದು ಸೇವಂತಿಗೆ ಹಾರವನ್ನು ಟಿವಿಗೆ ಹಾಕಿಬಿಟ್ಟ. ಅರ್ಧ ಪರದೆ ಮುಚ್ಚಿಹೋಯಿತು. ಯಾರೂ ಬೈಯಲಿಲ್ಲ, ಸಿಳ್ಳೆ ಹೊಡೆದರು.

ಆಮೇಲೆ ಅಪ್ಪ ಬಾಯಿ ತೆರೆದ. ಬಂದದ್ದು ಅಪ್ಪನ ದನಿಯಲ್ಲ. ಯಾರೋ ಪೇಟೆಯವನ, ಓದು ಬಲ್ಲವನ, ಹದವಾದ ದನಿ.

"ಇದ್ಯಾವನ್ಲಾ ಇವ್ನು? ಅಣ್ಣನ್ ಬಾಯೊಳಗೆ ಯಾವನ್ಲಾ ಬಂದು ಕುಂತವ್ನೆ?" ಎಂದು ಚಿಕ್ಕಪ್ಪ ಎದ್ದುನಿಂತ.

"ತೋಬಾ ತೋಬಾ" ಎಂದರು ಸಾಬರು. "ಸಿಂಹಕ್ಕೆ ಬಕ್ರಿ ಆವಾಜ್ ಆಕ್ಬುಟ್ಟವ್ರಲ್ಲ ಗೌಡ್ರೆ."

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಅಪ್ಪನೇ ಎದ್ದ ಮೇಲೆ ಊರಿನವರು ಕೂತಿರುವುದುಂಟೇ? ಕಥೆ ಅರ್ಧದಲ್ಲಿರುವಾಗಲೇ ಎಲ್ಲರೂ ಹಿಂದೆ ಬಂದರು. ಬಸ್ಸಿನಲ್ಲಿ ಅಪ್ಪ ಆಡಿದ್ದು ಒಂದೇ ಮಾತು. "ನಿಮ್ಮವ್ವಂಗೆ ಯೋಳ್ಬ್ಯಾಡ ಕಣವ್ವ."

ನಾನು ಹೇಳಲಿಲ್ಲ. ಊರಿನವರೂ ಆ ಸುದ್ದಿ ಎತ್ತಲಿಲ್ಲ. ಆಮೇಲೆಯೂ ಅಪ್ಪ ನಾಟಕಗಳಲ್ಲಿ ಗದೆ ಹೊತ್ತ. ಎಲ್ಲರ ಜೇಬಿಗೂ ಮೊಬೈಲು ಬರುವ ಮೊದಲೇ ಹೋಗಿಬಿಟ್ಟ. ಹಾಗಾಗಿ ಅವನ ಫೋಟೋಗಳಿವೆ, ದನಿ ಎಲ್ಲೂ ಇಲ್ಲ.

ಈ ವರ್ಷ ಆ ಹಳೆಯ ಕಥೆಯನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಕೆಳಗೆ ಜನ ಏನೇನೋ ಬರೆದಿದ್ದಾರೆ. ಬೆಲ್ಲದ ರಾಕೆಟ್ಟು ಅಂತೆ, ತಗಡಿನ ರಾಜನಂತೆ, ರಾಜನ ನಡಿಗೆ ನೋಡಿ ಹೊಟ್ಟೆ ಹುಣ್ಣಾಯಿತಂತೆ. ಒಬ್ಬ ಮಾತ್ರ, ರಾಜನ ಕಂಠ ಎಷ್ಟು ಗಂಭೀರ ಎಂದು ಹೊಗಳಿದ್ದ. ನನಗೆ ಮೈಯೆಲ್ಲ ಉರಿದು, ಕಥೆಯನ್ನು ಪೂರ್ತಿ ನೋಡದೆ ನಿಲ್ಲಿಸಿಬಿಟ್ಟೆ. ಅಪ್ಪನದಾಗಿದ್ದಕ್ಕೆಲ್ಲ ನಗು, ಅಪ್ಪನದಲ್ಲದ್ದಕ್ಕೆ ಹೊಗಳಿಕೆ!

ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ, ಬೆಳಕು ನೆರಳು ಗೊತ್ತಾಗುತ್ತದೆ ಅಷ್ಟೆ. ಮನೆಯ ಮಕ್ಕಳ ಬಾಯಿಂದ ವಿಷಯ ಅವಳ ಕಿವಿಗೆ ಬಿತ್ತು. "ಕಣ್ ಓದ್ರೆ ಓಯ್ತು, ಕಿವಿ ಗಟ್ಟಿಯಾಗೈತೆ. ಒಂದ್ಕಿತ ಅವ್ರ ದನಿ ಕೇಳ್ಸವ್ವ" ಎಂದಳು. ಸ್ನಾನ ಮಾಡಿ, ಮಡಿಸಿಟ್ಟಿದ್ದ ಸೀರೆ ಉಟ್ಟು ಬಂದು ಕೂತಳು. ನಾನು ತಮ್ಮನನ್ನು ಅಡುಗೆಮನೆಗೆ ಎಳೆದು ನಿಜ ಹೇಳಿದೆ. "ಅವ್ವಂಗೆಲ್ಲಿ ಗೊತ್ತಾಯ್ತದೆ ಬುಡಕ್ಕ, ಅಪ್ಪಂದೇ ಅಂದ್ಬುಡಣ" ಎಂದ. ನನಗೆ ಬೇರೆ ದಾರಿ ಹೊಳೆಯಲಿಲ್ಲ. ಹಾಲ್‌ನ ಟಿವಿಯಲ್ಲಿ ಹಾಕಿದೆವು.

ರಾಜ ಮಾತಾಡಿದ. ಅವ್ವ ತಲೆ ವಾರೆ ಮಾಡಿ ಕೇಳಿದಳು. ಇನ್ನೊಂದು ಮಾತು ಮುಗಿಯುವಷ್ಟರಲ್ಲಿ ಮುಖ ಸಪ್ಪಗಾಯಿತು.

"ಇದು ಅವ್ರಲ್ಲ."

"ಅವ್ರೇ ಕಣವ್ವ. ಅಳೇದಲ್ವಾ, ಅಂಗ್ ಕೇಳ್ತದೆ" ಎಂದ ತಮ್ಮ.

"ಸುಮ್ಕಿರ್ಲಾ. ಬಾಳಾಟ ಮಾಡ್ದೋಳು ನಾನು. ನಂಗೇ ಯೋಳ್ಕೊಡ್ತೀಯ?"

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಾನು ಎಲ್ಲವನ್ನೂ ಹೇಳಿದೆ. ಸಾಬರ ಮನೆ, ಹಾರ, ಬಸ್ಸಿನಲ್ಲಿ ಅಪ್ಪ ಆಡಿದ ಮಾತು. ಅವ್ವ ಅಳಲಿಲ್ಲ, ಬೈಯಲಿಲ್ಲ. "ನೋಡ್ಕಳ್ರಪ್ಪ ನೀವು" ಎಂದು ಗೋಡೆ ಹಿಡಿದು ಏಳಲು ಹೋದಳು. ಅವಳ ಆಸೆಯನ್ನು ನಾವೇ ಕೈಯಾರೆ ಕೊಂದಿದ್ದೆವು. ನಾನು ಪಕ್ಕಕ್ಕೆ ಹೋಗಿ ಅವಳಿಗೆ ಕೈ ಕೊಟ್ಟೆ.

ಅಷ್ಟರಲ್ಲಿ ಟಿವಿಯೊಳಗೆ ನಾಲೆಯ ನೀರೆಲ್ಲ ಖಾಲಿಯಾಗಿ, ರಾಜ ಗಹಗಹಿಸಿ ನಕ್ಕ. ಆ ನಗೆಗೆ ಬೇರೆಯವನ ದನಿ ಹಾಕಲು ಅವರಿಂದ ಆಗಲಿಲ್ಲವೋ, ಅದಕ್ಕೂ ಕಾಸಿರಲಿಲ್ಲವೋ, ಇದ್ದದ್ದನ್ನು ಇದ್ದ ಹಾಗೇ ಬಿಟ್ಟಿದ್ದರು. ಮೈಕು ಒಡೆದು, ಉಸಿರು ಎಳೆದು, ಮತ್ತೆ ಏರಿ ಏರಿ ಬರುವ ನಗೆ. ಮಕ್ಕಳು ಬಿದ್ದುಬಿದ್ದು ನಗತೊಡಗಿದರು. ಅವ್ವ ನನ್ನ ಮುಂಗೈಯನ್ನು ನೋಯುವಂತೆ ಹಿಡಿದಿದ್ದಳು. ಮುಖ ಮೇಲೆತ್ತಿ ನಿಂತಿದ್ದಳು, ಕಣ್ಣಿಂದ ನೀರು ಹರಿಯುತ್ತಿತ್ತು. ಅದನ್ನು ನೋಡಿ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು.

"ಇವ್ರೇ" ಎಂದಳು.

ನಾನು ಅವಳನ್ನು ಮೆಲ್ಲಗೆ ಕೂರಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ ಹೇಳಿದಳು. "ಮನೇಲಿ ಒಂದಿನಾನೂ ಇಂಗೆ ನಗ್ನಿಲ್ಲ ಕಣವ್ವ ನಿಮ್ಮಪ್ಪ. ಅದ್ಕೇ ನಾನು ಯಾವೂರ್ ನಾಟ್ಕಾನೂ ತಪ್ಪುಸ್ತಿರ್ನಿಲ್ಲ."

ಅಪ್ಪ ನಮ್ಮ ಮುಂದೆ ನಕ್ಕದ್ದನ್ನು ನೆನೆದುಕೊಳ್ಳಲು ನೋಡಿದೆ. ನನಗೂ ನೆನಪಾಗಲಿಲ್ಲ.