‘ನಾಳೆ ಬಾ’ ಫಕ್ರುದ್ದೀನ್

ಶಿರಾ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ, ಚಿಕ್ಕರಂಗಯ್ಯನ ಟೀ ಹೋಟೆಲಿನ ಗೋಡೆಗೆ ಗೋಡೆ ಸೇರಿಸಿಕೊಂಡು ಒಂದು ಅಂಗಡಿಯಿತ್ತು. ಒಳಗೆ ಒಬ್ಬ ಆಳು ಮಲಗಿದರೆ ಕಾಲು ಬೀದಿಗೆ ಬರಬೇಕು, ಅಷ್ಟು ಚಿಕ್ಕದು. ಅದರಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದವನು ಫಕ್ರುದ್ದೀನ್. ವಾಚು, ಗಡಿಯಾರ, ಟ್ರಾನ್ಸಿಸ್ಟರು ರಿಪೇರಿ ಅವನ ಕಸುಬು. ತುಮಕೂರಿನಲ್ಲಿ ಸೋದರಮಾವನ ಕೈಕೆಳಗೆ ಎಂಟು ವರ್ಷ ದುಡಿದು ಕಲಿತ ಕೈ ಅದು, ಹೆಸರಿಡುವ ಹಾಗಿರಲಿಲ್ಲ. ಎಡವಟ್ಟೆಲ್ಲ ಇದ್ದದ್ದು ಬಾಯಲ್ಲಿ. ಯಾರು ಬಂದು ‘ಆಯ್ತೇನಪ್ಪಾ?’ ಅಂದರೂ ಹಲ್ಲೆಲ್ಲ ಕಾಣುವ ಹಾಗೆ ನಕ್ಕು ‘ನಾಳೆ ಬಾ’ ಅನ್ನುತ್ತಿದ್ದ.

ದೆವ್ವ ಬಂದು ಕದ ತಟ್ಟಿದರೆ ಓದಿಕೊಂಡು ಹಿಂದಿರುಗಲಿ ಅಂತ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಾರಲ್ಲ, ಒಂದು ದಿನ ಯಾರೋ ಪುಣ್ಯಾತ್ಮರು ಸುಣ್ಣದಲ್ಲಿ ಅದನ್ನೇ ಇವನ ಅಂಗಡಿಯ ಹಲಗೆಯ ಮೇಲೆ ಬರೆದು ಹೋದರು. ಚಿಕ್ಕರಂಗಯ್ಯ ಟೀ ಸೋಸುವುದನ್ನು ಬಿಟ್ಟು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. “ಊರೋರು ದೆವ್ವಕ್ಕೆ ಹೇಳೋದನ್ನ ನೀನು ಗಿರಾಕಿಗೆ ಹೇಳ್ತೀಯಲ್ಲೋ ಪಕ್ರಣ್ಣ! ದೆವ್ವಾನೂ ಒಂದಿನ ಬ್ಯಾಸತ್ತು ವಾಚು ವಾಪಸ್ ಕೊಡು ಅಂತದೆ ಕಣ್ಲಾ!”

ಹಾಗಂತ ಅವನು ಸೋಮಾರಿಯೂ ಅಲ್ಲ, ಮೋಸಗಾರನಂತೂ ಅಲ್ಲವೇ ಅಲ್ಲ. ‘ಆಗಲ್ಲ’ ಅನ್ನುವ ಮಾತು ಅವನ ನಾಲಿಗೆಯ ಮೇಲೆ ಹೊರಳುತ್ತಿರಲಿಲ್ಲ, ಅಷ್ಟೇ. ಎದುರಿಗಿದ್ದವರ ಮುಖ ಬಾಡುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ‘ನಾಳೆ ಬಾ’ ಅಂದರೆ ಆ ಮುಖ ಅರಳುತ್ತಿತ್ತು, ಇವನ ಜೀವಕ್ಕೂ ತಂಪಾಗುತ್ತಿತ್ತು. ನಾಳೆ ಅನ್ನುವುದು ಬಂದೇ ಬರುತ್ತದಲ್ಲ, ಆ ಯೋಚನೆ ಮಾತ್ರ ಅವನಿಗೆ ಹೊಳೆಯುತ್ತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಈ ಚಟ ಅವನ ಕುತ್ತಿಗೆಗೇ ಬಂತು. ಅವನಿಗಾಗ ಮೂವತ್ತೊಂದು ವರ್ಷ. ತಾಯಿ ಅಮೀರ್ ಬಿ ಹೆಣ್ಣು ಹುಡುಕಿ ಹುಡುಕಿ ಸುಸ್ತಾಗಿದ್ದಳು. ಅಷ್ಟರಲ್ಲಿ ನೆಂಟರ ಮದುವೆಯೊಂದರಲ್ಲಿ ಮಧುಗಿರಿಯ ಬಟ್ಟೆ ಅಂಗಡಿಯ ಅಹಮದ್ ಷರೀಫರ ಮಗಳು ಮೆಹರುನ್ನಿಸಾ ಕಣ್ಣಿಗೆ ಬಿದ್ದಳು. ಹೆಂಗಸರಿಗೆ ಶರಬತ್ತು ಕೊಡುತ್ತಾ ಯಾರದೋ ಮಾತಿಗೆ ಕಿಲಕಿಲ ನಕ್ಕವಳು ಅವಳು. ಪರದೆಯ ಸಂದಿನಿಂದ ಕಂಡದ್ದು ಅಷ್ಟೇ, ಫಕ್ರುದ್ದೀನ್ ಅಲ್ಲೇ ಸೋತುಹೋದ. ಆದರೆ ಗ್ರಹಚಾರ ನೋಡಿ, ಅದೇ ಷರೀಫರು ಹಿಂದಿನ ವರ್ಷ ಒಂದು ಅಲಾರಂ ಗಡಿಯಾರವನ್ನು ಇವನಿಗೇ ರಿಪೇರಿಗೆ ಕೊಟ್ಟು ಮಧುಗಿರಿಗೂ ಶಿರಾಕ್ಕೂ ಐದು ಸಲ ತಿರುಗಿದ್ದರು.

“ನಿಮ್ಮ ಮಗ ಒಳ್ಳೆಯವನೇ ಅಮೀರ್ ಬಿ,” ಅಂದರು ಷರೀಫರು, ಮಾತು ಕೇಳಲು ಹೋದ ತಾಯಿಗೆ. “ಆದ್ರೆ ಒಂದು ಅಲಾರಂಗೆ ಐದು ಸಲ ಸುಳ್ಳು ಹೇಳಿದೋನು ನನ್ನ ಮಗಳಿಗೆ ಎಷ್ಟು ಹೇಳ್ತಾನೋ! ಬಕ್ರೀದ್ ಕಳೀಲಿ. ನಾನೇ ಅಂಗಡಿಗೆ ಬಂದು ನೋಡ್ತೀನಿ. ಈ ಚಟ ಬಿಟ್ಟಿದ್ರೆ ಮುಂದಿನ ಮಾತು. ಇಲ್ಲಾಂದ್ರೆ ನಮಗೆ ಪಾವಗಡದಿಂದ ಒಂದು ಸಂಬಂಧ ಬಂದಿದೆ.”

ಪಾವಗಡದ ಹೆಸರು ಕೇಳಿ ಫಕ್ರುದ್ದೀನನಿಗೆ ಅನ್ನ ಸೇರಲಿಲ್ಲ. ಬಕ್ರೀದಿಗೆ ಇನ್ನು ನಾಲ್ಕೇ ತಿಂಗಳು. ನಾಲಿಗೆಯೊಂದು ಗಡಿಯಾರವಾಗಿದ್ದಿದ್ದರೆ ಬಿಚ್ಚಿ ಎಣ್ಣೆ ಬಿಟ್ಟು ಸರಿಮಾಡುತ್ತಿದ್ದ. ಆದರೂ ಮೆಕ್ಯಾನಿಕ್ಕು ಮೆಕ್ಯಾನಿಕ್ಕೇ ತಾನೆ? ಎರಡು ದಿನ ತಲೆ ಕೆರೆದುಕೊಂಡು ಒಂದು ಯಂತ್ರ ಮಾಡಿದ. ಸೈಕಲ್ ಗಂಟೆಯೊಂದನ್ನು ತಲೆಯ ಮೇಲೆ ತೂಗುಹಾಕಿ, ಹಾಳಾದ ಕರೆಂಟ್ ಮೀಟರಿನ ಅಂಕಿಚಕ್ರವನ್ನು ಅದಕ್ಕೆ ಸೇರಿಸಿ, ದಾರವನ್ನು ಗಿರಾಕಿಯ ಕಡೆಗೆ ಇಳಿಬಿಟ್ಟ. ತಾನು ‘ನಾಳೆ ಬಾ’ ಅಂದ ಕೂಡಲೇ ಗಿರಾಕಿ ದಾರ ಜಗ್ಗಬೇಕು. ಟಿಣ್ ಅನ್ನಬೇಕು, ಅಂಕಿ ಒಂದು ಏರಬೇಕು.

ಅಬ್ಬಬ್ಬಾ, ಆ ವಾರ ಶಿರಾ ಪೇಟೆಗೆ ಅದೇ ತಮಾಷೆ! ವಾಚು ಇಲ್ಲದವರೂ ಬಂದು ದಾರ ಜಗ್ಗಿದರು. ಚಿಕ್ಕರಂಗಯ್ಯನಂತೂ ಟೀ ಕೊಡಲು ಬಂದಾಗಲೆಲ್ಲ ಒಂದು ಟಿಣ್. ಫಕ್ರುದ್ದೀನ್ ಸಿಡಿಮಿಡಿಗೊಂಡ. ಆದರೆ ಎರಡನೇ ವಾರ ಗಂಟೆಯ ಸದ್ದು ಕಡಿಮೆಯಾಯಿತು. ಮೂರನೇ ವಾರ ಮೂರು ದಿನ ಒಂದು ಟಿಣ್ಣೂ ಇಲ್ಲ. ಅಮೀರ್ ಬಿ ಖುಷಿ ತಡೆಯಲಾರದೆ ಬೀದಿಗೆಲ್ಲ ಸಕ್ಕರೆ ಹಂಚಿದಳು.

ನಾಲ್ಕನೇ ದಿನ ತಾವರೆಕೆರೆಯಿಂದ ಭೀಮಕ್ಕ ಬಂದಳು. ಕುರಿ ಸಾಕುವ ಮನೆಯ ಹೆಂಗಸು, ಅವಳ ಟ್ರಾನ್ಸಿಸ್ಟರು ಇವನ ಹತ್ತಿರ ಬಿದ್ದು ಎರಡು ತಿಂಗಳಾಗಿತ್ತು.

“ಸಂತೆ ದಿನ ಬಂದ್ಬುಡು ಭೀಮಕ್ಕ,” ಅಂದ ಫಕ್ರುದ್ದೀನ್ ನಗುತ್ತಾ.

ಭೀಮಕ್ಕ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. “ಆಗ ನಾಳೆ ಬಾ ಅಂತಿದ್ದೆ. ಆಮ್ಯಾಕೆ ನಾಡಿದ್ದು ಅಂದೆ, ಜುಮ್ಮಾ ಆಗ್ಲಿ ಅಂದೆ. ಈಗ ಸಂತೆ ಅಂತೀಯ. ನಿನ್ನ ಗಂಟೆ ಹೊಡೀದಿದ್ರೆ ಏನು, ನನ್ನ ಕಾಲು ನೋಯಾಕಿಲ್ವ ಮಗಾ? ಇದು ಒಂಬತ್ನೇ ಸಲ ಕಣಪ್ಪ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ, ಸುಮ್ಮನೆ ಹೇಳಿದಳು. ಫಕ್ರುದ್ದೀನನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಛೇ, ಎಂಥಾ ಕೆಲಸ ಮಾಡಿದೆ ನಾನು! ಯಂತ್ರವನ್ನೇ ಯಾಮಾರಿಸಿದ್ದೆನಲ್ಲ! ಬಾಯಿಂದ ಹೊರಟ ಮಾತನ್ನು ಎಣಿಸಿದೆ, ಬಂದು ಹೋದವರ ಹೆಜ್ಜೆಯನ್ನು ಎಣಿಸಲಿಲ್ಲ. ಅವತ್ತೇ ಗಂಟೆ ಕಿತ್ತು ಡಬ್ಬಿಗೆ ಹಾಕಿದ.

ಅವನ ಬಳಿ ಹಾಳಾದ ಗಡಿಯಾರಗಳ ಮುಖಗಳು ಒಂದು ಮೂಟೆ ಇದ್ದವು. ಅವನ್ನು ತೊಳೆದು, ಒಂದೊಂದಕ್ಕೂ ಒಂದೇ ಮುಳ್ಳು ಉಳಿಸಿ, ತನ್ನ ಕಣ್ಣಿಗೆ ನೇರವಾಗಿ ಕಾಣುವ ಗೋಡೆಗೆ ಸಾಲಾಗಿ ಹೊಡೆದ. ಒಬ್ಬ ಗಿರಾಕಿಗೆ ಒಂದು ಮುಖ, ಅವರು ಈವರೆಗೆ ಸುಮ್ಮನೆ ಬಂದುಹೋದ ಲೆಕ್ಕಕ್ಕೆ ಮುಳ್ಳು. ಓದು ಬಂದವರಿಗೆ ಕೆಳಗೆ ಹೆಸರು, ಬಾರದವರಿಗೆ ಗುರುತಿನ ಚಿತ್ರ. ಭೀಮಕ್ಕನಿಗೆ ಒಂದು ಕುರಿ ಬರೆದ, ಅದು ನಾಯಿಯ ಹಾಗೆ ಬಂತು. ಕೆಲಸ ಮುಗಿಯದೆ ಬರಿಗೈಲಿ ಹೋಗುವವರು ತಮ್ಮ ಮುಳ್ಳನ್ನು ತಾವೇ ಒಂದು ಮನೆ ಮುಂದಕ್ಕೆ ತಳ್ಳಿ ಹೋಗಬೇಕು. ಟಿಣ್ ಇಲ್ಲ, ಗಲಾಟೆಯಿಲ್ಲ, ನಗಲು ಯಾರೂ ಇಲ್ಲ. ಅದನ್ನು ದಿನವೆಲ್ಲ ನೋಡುತ್ತಾ ಕೂರುವವನು ಅವನೊಬ್ಬನೇ.

ನೋಡುತ್ತಾ ನೋಡುತ್ತಾ ಹದಿನೈದು ದಿನದಲ್ಲಿ ಒಂದು ಸಂಗತಿ ಅವನಿಗೆ ಕಂಡಿತು. ವಾಚಿನವರ ಮುಳ್ಳು ಒಂದು, ಎರಡರಲ್ಲೇ ನಿಲ್ಲುತ್ತಿತ್ತು. ಏಳು, ಎಂಟು, ಒಂಬತ್ತಕ್ಕೆ ಏರಿದ್ದೆಲ್ಲ ಟ್ರಾನ್ಸಿಸ್ಟರಿನವೇ! ಅದರ ಸಾಮಾನು ಶಿರಾದಲ್ಲಿ ಸಿಗುತ್ತಿರಲಿಲ್ಲ. ತುಮಕೂರಿಗೆ ಹೋಗಿ ತರಬೇಕು ಅಂತ ಹೇಳಲು ಬಾಯಿ ಬಾರದೆ ಅಷ್ಟೂ ದಿನ ಜನರನ್ನು ಅಲೆಸಿದ್ದ. ಭೀಮಕ್ಕ ಮತ್ತೆ ಬಂದಾಗ ಹೇಳಿಯೇಬಿಟ್ಟ, “ಸ್ಪೀಕರ್ ಹೋಗೈತೆ ಭೀಮಕ್ಕ. ತರಿಸಬೇಕು. ಹದಿನೈದು ದಿನ ಹಿಡೀತದೆ.”

“ಅಷ್ಟೇಯಾ? ಅದನ್ನ ಮೊದಲೇ ಬೊಗಳಿದ್ರೆ ನಾನು ನೆಮ್ಮದಿಯಾಗಿ ಕುರಿ ಮೇಯಿಸ್ಕೊಂಡು ಇರ್ತಿರ್ಲಿಲ್ವ?” ಅಂದಳು ಭೀಮಕ್ಕ. ಅವಳ ಮುಖ ಬಾಡಲಿಲ್ಲ. ಫಕ್ರುದ್ದೀನ್ ಕಣ್ಣಿನ ಭೂತಗನ್ನಡಿ ತೆಗೆದು ಮತ್ತೊಮ್ಮೆ ನೋಡಿದ, ಇಲ್ಲ, ಬಾಡಿರಲಿಲ್ಲ. ಹದಿನೈದನೇ ದಿನ ಟ್ರಾನ್ಸಿಸ್ಟರು ಹಾಡುತ್ತಾ ತಾವರೆಕೆರೆ ಬಸ್ಸು ಹತ್ತಿತು. ಬಕ್ರೀದ್ ಬರುವಷ್ಟರಲ್ಲಿ ಗೋಡೆಯ ಮುಳ್ಳುಗಳು ಒಂದನ್ನು ದಾಟುವುದು ಅಪರೂಪವಾಯಿತು.

ಹಬ್ಬ ಕಳೆದ ವಾರ, ಗುರುವಾರ ಮಧ್ಯಾಹ್ನ, ಅಹಮದ್ ಷರೀಫರು ಕೊಡೆ ಊರಿಕೊಂಡು ಬಂದೇಬಿಟ್ಟರು. ಗೋಡೆ ನೋಡಿದರು, ಏನಿದು ಅಂತ ಕೇಳಿ ತಿಳಿದರು, “ಹೂಂ” ಅಂದರು. ಆಮೇಲೆ ಕೋಟಿನ ಒಳಗಿಂದ ಬೆಳ್ಳಿಯ ಜೇಬು ಗಡಿಯಾರವೊಂದನ್ನು ತೆಗೆದು ಮುಂದಿಟ್ಟರು.

“ನಮ್ಮ ಅಬ್ಬಾಜಾನ್‌ದು ಬೇಟಾ. ನಾಳೆ ನಮ್ಮನೇಲಿ ಹಿರಿಯರೆಲ್ಲ ಸೇರ್ತಾರೆ, ಮೆಹರುನ್ನಿಸಾ ವಿಷಯ ತೀರ್ಮಾನ ಆಗಬೇಕು. ಇದು ನಾಳೆ ಹೊತ್ತಿಗೆ ನಡೀತಾ ಇದ್ರೆ, ‘ನೋಡಿ, ಹುಡುಗ ಇಂಥೋನು’ ಅಂತ ತೋರಿಸಿ ಮಾತು ಮುಗಿಸಿಬಿಡ್ತೀನಿ. ಆಗುತ್ತಾ?”

ಫಕ್ರುದ್ದೀನ್ ಹಿಂಬದಿ ಬಿಚ್ಚಿ ನೋಡಿದ. ಒಳಗಿನ ಕೂದಲೆಳೆಯಷ್ಟು ಸಣ್ಣ ಕಡ್ಡಿ ಮುರಿದಿತ್ತು. ಅದು ಬೆಂಗಳೂರಿನಲ್ಲೂ ಸಿಗುವುದು ಕಷ್ಟ, ಸಿಕ್ಕಿದರೂ ಇಪ್ಪತ್ತು ದಿನ. ನಾಳೆಗಂತೂ ದೇವರಾಣೆಗೂ ಇಲ್ಲ. ತಲೆ ಎತ್ತಿದರೆ ಷರೀಫರು ಆಸೆಯಿಂದ ನೋಡುತ್ತಿದ್ದಾರೆ. ಪಕ್ಕದಲ್ಲಿ ಚಿಕ್ಕರಂಗಯ್ಯ ಟೀ ಲೋಟ ಹಿಡಿದು ಉಸಿರು ಕಟ್ಟಿ ನಿಂತಿದ್ದಾನೆ. ‘ಆಯ್ತು’ ಅಂದರೆ ಸಾಕು, ಈ ಮುಖ ಈಗಲೇ ಅರಳುತ್ತದೆ. ‘ಇಲ್ಲ’ ಅಂದರೆ ಹುಡುಗಿ ಪಾವಗಡಕ್ಕೆ. ಹಳೆಯ ನಗು ಅರ್ಧ ಮುಖಕ್ಕೆ ಬಂದೂಬಿಟ್ಟಿತ್ತು. ಗೋಡೆಯಲ್ಲಿ ಹೊಸದೊಂದು ಗಡಿಯಾರದ ಮುಖವಿತ್ತು, ಇನ್ನೂ ಯಾರ ಹೆಸರೂ ಇಲ್ಲದ್ದು, ಮುಳ್ಳು ಹನ್ನೆರಡರಲ್ಲೇ. ಅದಕ್ಕೆ ಷರೀಫರ ಹೆಸರು ಬರೆದು, ಇಷ್ಟು ವಯಸ್ಸಾದವರನ್ನು ಮತ್ತೆ ಅಲೆಸಿ ಮುಳ್ಳು ತಳ್ಳಿಸಲೇ?

“ಆಗಲ್ಲ ಚಾಚಾ,” ಅಂದ. “ನಾಳೆಗೆ ಆಗೋದೇ ಇಲ್ಲ. ಇಪ್ಪತ್ತು ದಿನ ಬೇಕು. ಸಾಮಾನು ಸಿಗದಿದ್ರೆ ಅದೂ ಆಗಲ್ಲ. ಮಾಫ್ ಮಾಡಿ.”

ಷರೀಫರು ಟೀ ಹೋಟೆಲಿನ ಬೆಂಚಿನ ಮೇಲೆ ಧೊಪ್ಪನೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎರಡು ವರ್ಷದಿಂದ ಇದನ್ನ ಹಿಡ್ಕೊಂಡು ಮೂರು ಊರು ಸುತ್ತಿದೀನಿ ಕಣೋ! ಹೋದಲ್ಲೆಲ್ಲ ‘ನಾಳೆ ಬನ್ನಿ, ನಾಳೆ ಬನ್ನಿ’. ಆಗಲ್ಲ ಅಂದೋನು ನೀನೊಬ್ಬನೇ! ಯಾ ಅಲ್ಲಾ, ಈಗ ನನ್ನ ಎದೆ ಹಗುರ ಆಯ್ತು.” ಕಣ್ಣೊರೆಸಿಕೊಂಡು ಕೇಳಿದರು, “ಸರಿ, ನಾಳೆ ಹಿರಿಯರಿಗೆ ಇದನ್ನೇ ಹೇಳ್ತೀನಿ. ಮದುವೆ ಮಾತಿಗೆ ನಿಮ್ಮಮ್ಮನ್ನ ಕರ್ಕೊಂಡು ಯಾವತ್ತು ಬರ್ತೀಯಾ?”

“ಇವತ್ತೇ ಚಾಚಾ!” ಅಂದ ಫಕ್ರುದ್ದೀನ್, ಅವರ ಮಾತು ಮುಗಿಯುವ ಮೊದಲೇ.

ಚಿಕ್ಕರಂಗಯ್ಯ ಕೂಗಿದ ಕೂಗಿಗೆ ಬಸ್ ನಿಲ್ದಾಣದವರೆಲ್ಲ ತಿರುಗಿ ನೋಡಿದರು. ಫಕ್ರುದ್ದೀನ್ ಭೂತಗನ್ನಡಿ ತಲೆಗೆ ಏರಿಸಿಕೊಂಡೇ ಮನೆಗೆ ಓಡಿದ. ಮೂರು ಗಂಟೆಯ ಮಧುಗಿರಿ ಬಸ್ಸಿಗೆ ಅಮೀರ್ ಬಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಮಗನನ್ನು ಬೈಯುತ್ತಾ, ಅಳುತ್ತಾ, ನಗುತ್ತಾ ಹತ್ತಿದಳು.